ಮೂಗಿನ ಊರಿನಲ್ಲಿ ಹಲ್ಲಿನ ಹುಡುಕಾಟ

ಲಕ್ಷ್ಮಣ ಶೂರ್ಪನಖಿಯ ಮೂಗು ಕೊಯ್ದದ್ದು ಇಲ್ಲೇ, ಅದಕ್ಕೇ ಈ ಊರಿಗೆ ನಾಸಿಕ ಎಂದು ಹೆಸರು ಬಂತು ಎಂದು ಪಂಚವಟಿಯ ಯಾವ ಆಟೋದವರನ್ನು ಕೇಳಿದರೂ ಹೇಳುತ್ತಾರೆ. ಹೋದ ಬೇಸಿಗೆ ರಜೆಗೆ ಹುಬ್ಬಳ್ಳಿಯಿಂದ ಬಂದ ನನ್ನ ಅಕ್ಕನ ಮಗನಿಗೆ ಈ ಕತೆಯಲ್ಲಿ ಆಸಕ್ತಿ ಇರಲಿಲ್ಲ. ಅವನ ಕೇಳಿಕೆ ಬೇರೆ ಇತ್ತು. "ಮಾಮಾ, ನಿಮ್ಮೂರಾಗ ಡೈನೋಸಾರ್ ಹಲ್ಲ ಸಿಗ್ತಾವೇನು?" ಎಂದ.

ಜೇಬಿನಲ್ಲಿ ಒಂದು ಹಲ್ಲು ತಂದೇ ಇದ್ದ. ಹುಟ್ಟುಹಬ್ಬಕ್ಕೆ ಅಪ್ಪ ಆನ್‌ಲೈನಿನಲ್ಲಿ ತರಿಸಿಕೊಟ್ಟದ್ದು. ಮೊರಾಕ್ಕೊ ದೇಶದ ಸ್ಪೈನೋಸಾರಸ್ ಹಲ್ಲು ಎಂದು ಚೀಟಿಯಲ್ಲಿತ್ತು. ಉದ್ದ, ಕಂದು ಬಣ್ಣ, ಬುಡದಲ್ಲಿ ಮರಳು ಮೆತ್ತಿಕೊಂಡಂತಿತ್ತು. ತೊಳೆದು ಚೊಕ್ಕ ಮಾಡೋಣವೆಂದು ಬೆಚ್ಚಗಿನ ನೀರಿನಲ್ಲಿ ಹಾಕಿಟ್ಟಿದ್ದೆವು. ಬೆಳಿಗ್ಗೆ ನೋಡಿದರೆ ಬುಡದ ಮರಳು ಬಿಚ್ಚಿ ನೀರಿನಲ್ಲಿ ಕೂತಿತ್ತು, ಹಲ್ಲು ಎರಡು ತುಂಡಾಗಿತ್ತು. ಮೇಲಿನ ತುಂಡು ನಿಜವಾದ ಪಳೆಯುಳಿಕೆಯೇ ಇರಬಹುದು. ಕೆಳಗಿನದು ಅಂಟು ಮತ್ತು ಮರಳು. ಮೊರಾಕ್ಕೊದ ಹಲ್ಲುಗಳ ವ್ಯಾಪಾರದಲ್ಲಿ ಇದು ಹೊಸದಲ್ಲ. ಮುರಿದ ತುಂಡುಗಳನ್ನು ಜೋಡಿಸಿ ಇಡೀ ಹಲ್ಲು ಮಾಡುವವರು ಅಲ್ಲಿ ಬೇಕಾದಷ್ಟಿದ್ದಾರೆ. ಹುಡುಗ ಅಳಲಿಲ್ಲ, ಆದರೆ ಮುಖ ಸಣ್ಣದಾಯಿತು. ನಿಜವಾದದ್ದನ್ನು ತಾನೇ ಹುಡುಕಬೇಕು ಎಂದು ಅವನಿಗೆ ಅನ್ನಿಸಿದ್ದು ಆಗಲೇ.

"ಇಲ್ಲಪಾ, ಇಲ್ಲಿ ಸಿಗಂಗಿಲ್ಲ" ಎಂದುಬಿಟ್ಟೆ. ಯಾಕೆ ಎಂದು ಕೇಳಿದಾಗ ಸರಿಯಾದ ಉತ್ತರ ಗೊತ್ತಿರಲಿಲ್ಲ. ಆಮೇಲೆ ಓದಿ ತಿಳಿದುಕೊಂಡದ್ದು ಈ ಬರಹ.

ನಾಸಿಕದಿಂದ ಛತ್ರಪತಿ ಸಂಭಾಜಿನಗರಕ್ಕೆ (2023ರವರೆಗೆ ಔರಂಗಾಬಾದ್) ಹೋಗುವ ದಾರಿಯುದ್ದಕ್ಕೂ ಕಿಟಕಿಯಾಚೆ ಕಾಣುವುದು ಒಂದೇ ಕಲ್ಲು, ಬಸಾಲ್ಟ್. ಸುಮಾರು 6.6 ಕೋಟಿ ವರ್ಷಗಳ ಹಿಂದೆ ಭೂಮಿ ಬಿರಿದು, ಲಾವಾ ಪದರ ಪದರವಾಗಿ ಹರಿದು ಗಟ್ಟಿಯಾದದ್ದು. ಈಗ ಉಳಿದಿರುವ ಹರಹೇ ಸುಮಾರು 5 ಲಕ್ಷ ಚದರ ಕಿಲೋಮೀಟರ್. ನಮ್ಮ ಬೆಳಗಾವಿ, ವಿಜಯಪುರ, ಕಲಬುರಗಿ, ಬೀದರಿನ ಕರಿಕಲ್ಲು, ಎರೆಮಣ್ಣು ಎಲ್ಲ ಇದರದೇ ಅಂಚು. 1,646 ಮೀಟರ್ ಎತ್ತರದ ಕಳಸೂಬಾಯಿ ಶಿಖರ ಬುಡದಿಂದ ತುದಿಯವರೆಗೆ ಲಾವಾ. ರಾಷ್ಟ್ರಕೂಟರ ಒಂದನೇ ಕೃಷ್ಣ 8ನೇ ಶತಮಾನದಲ್ಲಿ ಕೈಲಾಸ ದೇವಾಲಯ ಕಡೆಸಿದ ಎಲ್ಲೋರದ (ಇಲ್ಲಿನವರ ಬಾಯಲ್ಲಿ ವೇರೂಳ) ಗುಡ್ಡವೂ ಅದೇ. ಕನ್ನಡ ನಾಡಿನ ಎಲ್ಲೆಯನ್ನು ಗೋದಾವರಿಯವರೆಗೆ ಎಳೆದ 'ಕವಿರಾಜಮಾರ್ಗ'ದ ಮಾತನ್ನು ವಲಸೆ ಬಂದ ನಾವೆಲ್ಲ ಒಮ್ಮೆಯಾದರೂ ಹೇಳಿಕೊಂಡು ಬೀಗಿದವರೇ. ಕಲ್ಲಿನ ಲೆಕ್ಕದಲ್ಲಿ ಆ ಎಲ್ಲೆ ಅಷ್ಟೇನೂ ತಪ್ಪಿಲ್ಲ.

ಆ ಕಾಲಕ್ಕೆ ಡೈನೋಸಾರುಗಳು ಇಲ್ಲಿ ಇರಲಿಲ್ಲವೆಂದಲ್ಲ. ಲಾವಾ ಹರಿಯಲು ಶುರುವಾದಾಗ ಭಾರತದಲ್ಲಿ ಅವು ಬದುಕಿದ್ದವು. ಆದರೆ ಸತ್ತ ಪ್ರಾಣಿಯ ಮೂಳೆ ಕಲ್ಲಾಗಿ ಉಳಿಯಬೇಕಾದರೆ ಅದರ ಮೇಲೆ ಕೆಸರೋ ಮರಳೋ ನಿಧಾನವಾಗಿ ಕೂರಬೇಕು. ಕುದಿಯುವ ಲಾವಾ ಮೂಳೆಯನ್ನು ಜೋಪಾನ ಮಾಡುವುದಿಲ್ಲ. ಎರಡು ಲಾವಾ ಹರಿವುಗಳ ನಡುವೆ ಸಾಕಷ್ಟು ವರ್ಷ ಬಿಡುವು ಸಿಕ್ಕು, ಅಲ್ಲೊಂದು ಕೆರೆಯೋ ಹೊಳೆಯೋ ಹುಟ್ಟಿದರೆ ಮಾತ್ರ ಆ ತೆಳು ಕೆಸರಿನ ಪದರದಲ್ಲಿ ಏನಾದರೂ ಉಳಿಯುತ್ತದೆ. ಸಹ್ಯಾದ್ರಿಯ ಈ ಭಾಗದಲ್ಲಿ ಹರಿವುಗಳು ಒಂದರ ಮೇಲೊಂದು ಬಂದವು, ಬಿಡುವು ಕಡಿಮೆ. ಎರಡು ಹರಿವುಗಳ ನಡುವೆ ಅಲ್ಲಲ್ಲಿ ಇಟ್ಟಿಗೆ ಬಣ್ಣದ ಕೆಂಪು ಪಟ್ಟಿ ಕಾಣುತ್ತದೆ. ಘಾಟಿನ ರಸ್ತೆ ಕಡಿದ ಕಡೆ ನೀವೂ ನೋಡಿರುತ್ತೀರಿ. ಬಿಡುವಿನ ಕಾಲದ ಗುರುತು ಅಷ್ಟೇ. ಲಾವಾದ ಅಂಚು ತೆಳುವಾಗುವ ನಾಗಪುರ, ಚಂದ್ರಪುರ, ಜಬಲ್ಪುರ, ಗುಜರಾತಿನ ಖೇಡಾ ಕಡೆಗೆ ಹೋದರೆ ಕತೆ ಬೇರೆ. ಅಲ್ಲಿ ಲಾವಾದ ಅಡಿಯ ಹಳೆಯ ಮಣ್ಣುಕಲ್ಲು ಮೇಲೆ ಕಾಣುತ್ತದೆ. ಡೈನೋಸಾರುಗಳು ಸಿಕ್ಕಿದ್ದೆಲ್ಲ ಅಂಥ ಅಂಚುಗಳಲ್ಲಿ.

ಮೂಳೆಗೆ ಬದಲಾಗಿ ನಾಸಿಕದ ಕಲ್ಲು ಕೊಟ್ಟದ್ದು ಹರಳು. ಲಾವಾ ಆರುವಾಗ ಒಳಗಿನ ಅನಿಲ ಗುಳ್ಳೆಯಾಗಿ ಉಳಿದು ಪೊಟರೆಗಳಾದವು. ಸಾವಿರಾರು ವರ್ಷ ಬಿಸಿನೀರು ಆ ಪೊಟರೆಗಳಲ್ಲಿ ಜಿನುಗಿ ಜಿಯೋಲೈಟ್ ಜಾತಿಯ ಹರಳುಗಳು ಬೆಳೆದವು. ಸ್ಟಿಲ್‌ಬೈಟ್, ಸ್ಕೋಲೆಸೈಟ್, ಅವುಗಳ ಜೊತೆಗೆ ಹಸಿರು ಅಪೋಫಿಲೈಟ್. ಲೋಕದ ದೊಡ್ಡ ದೊಡ್ಡ ಮ್ಯೂಸಿಯಮ್ಮುಗಳಲ್ಲಿ ನಾಸಿಕ, ಜಳಗಾಂವ್, ಪುಣೆಗಳ ಹೆಸರಿನ ಚೀಟಿ ಹಚ್ಚಿಕೊಂಡು ಇವು ಕೂತಿವೆ. ಸಿನ್ನರದ ಗಾರಗೋಟಿ ಮ್ಯೂಸಿಯಂ ಇಂಥ ಹರಳುಗಳಿಗೆಂದೇ ಇರುವುದು. ಸಿನ್ನರದ ಕಾರ್ಖಾನೆಗಳಲ್ಲಿ ಕೆಲಸ ಮಾಡುವ ನಮ್ಮವರು ಎಷ್ಟೋ ಜನ ಅದರ ಮುಂದೆ ದಿನಾ ಹೋಗುತ್ತಾರೆ, ಒಳಗೆ ಹೋದವರು ಕಡಿಮೆ. ಹುಡುಗನನ್ನು ಕರೆದುಕೊಂಡು ಹೋಗಿದ್ದೆ. ಒಂದು ಗಂಟೆ ಬಾಯಿ ಬಿಟ್ಟುಕೊಂಡು ನೋಡಿ, ಹೊರಗೆ ಬಂದ ಮೇಲೆ "ಛೊಲೋ ಅದ, ಆದ್ರ ಇವೇನು ಜೀವ ಇದ್ದವಲ್ಲಲ್ಲ" ಎಂದ.

ಹಲ್ಲಿದ್ದಾಗ ಕಡಲೆ ಇಲ್ಲ, ಕಡಲೆ ಇದ್ದಾಗ ಹಲ್ಲಿಲ್ಲ ಎನ್ನುತ್ತೇವಲ್ಲ, ಹಾಗೇ ಇದು. ಡೈನೋಸಾರುಗಳ ಕೊನೆಗಾಲದ ಅತಿ ದಪ್ಪನೆಯ ಕಲ್ಲು ಇಲ್ಲಿದೆ, ಹಲ್ಲು ಮಾತ್ರ ಇಲ್ಲ.

ಹಲ್ಲು ಸಿಕ್ಕಿದ್ದು ಇದೇ ರಾಜ್ಯದ ಇನ್ನೊಂದು ತುದಿಯಲ್ಲಿ, ನಾಗಪುರದ ಹತ್ತಿರದ ಟಾಕಳಿಯಲ್ಲಿ. ಆ ಜಾಗದ ಕತೆ ಸ್ಟೀಫನ್ ಹಿಸ್ಲಾಪ್ ಎಂಬ ಸ್ಕಾಟ್ಲೆಂಡಿನ ಮಿಶನರಿಯಿಂದ ಶುರುವಾಗುತ್ತದೆ. 1840ರ ದಶಕದಲ್ಲಿ ನಾಗಪುರಕ್ಕೆ ಬಂದು ಶಾಲೆ ತೆರೆದ ಹಿಸ್ಲಾಪ್, ಜೊತೆಗಾರ ರಾಬರ್ಟ್ ಹಂಟರ್ ಜೊತೆ ಸುತ್ತಮುತ್ತ ಅಲೆದು ಕಲ್ಲಾದ ಬಸವನಹುಳು, ಬೀಜ, ಜೀರುಂಡೆಯ ರೆಕ್ಕೆ, ಮೀನಿನ ಹುರುಪೆ ಎಲ್ಲವನ್ನೂ ಆಯ್ದರು. ಲಾವಾ ಹರಿವುಗಳ ನಡುವಿನ ಹಳೆಯ ಕೆರೆಯ ಕೆಸರಿನಲ್ಲಿ ಅವು ಉಳಿದುಕೊಂಡಿದ್ದವು. ಇಬ್ಬರೂ 1850ರ ದಶಕದಲ್ಲಿ ಲಂಡನ್ನಿನ ಭೂವಿಜ್ಞಾನ ಸಂಘದ ಪತ್ರಿಕೆಯಲ್ಲಿ ಬರೆದದ್ದರಿಂದ ಟಾಕಳಿಯ ಹೆಸರು ಹೊರಗೆ ಗೊತ್ತಾಯಿತು. 1863ರ ಸೆಪ್ಟೆಂಬರಿನಲ್ಲಿ ಟಾಕಳಘಾಟ್ ಎಂಬಲ್ಲಿ ಶಿಲಾವೃತ್ತಗಳ ಉತ್ಖನನ ನೋಡಿ ರಾತ್ರಿ ಕುದುರೆಯ ಮೇಲೆ ಒಬ್ಬನೇ ಹಿಂದಿರುಗುವಾಗ ಹಿಸ್ಲಾಪ್ ತುಂಬಿದ ಹಳ್ಳದಲ್ಲಿ ಮುಳುಗಿ ಸತ್ತ. (ಟಾಕಳಿ ಬೇರೆ, ಟಾಕಳಘಾಟ್ ಬೇರೆ. ಎರಡನ್ನೂ ಒಂದೇ ಎಂದು ನಾನೂ ಕೆಲವು ದಿನ ತಿಳಿದಿದ್ದೆ.) ನಾಗಪುರದ ಹಿಸ್ಲಾಪ್ ಕಾಲೇಜು ಅವನ ಹೆಸರಿನದು.

ಅದೇ ಟಾಕಳಿಯ ಕಲ್ಲಿನಿಂದ ಮುಂದೆ ಒಂದೇ ಒಂದು ಹಲ್ಲು ಲಂಡನ್ನಿಗೆ ಹೋಯಿತು. ರಿಚರ್ಡ್ ಲೈಡೆಕರ್ ಅದನ್ನು ಪರೀಕ್ಷಿಸಿ 1890ರಲ್ಲಿ ಮ್ಯಾಸೊಸ್ಪಾಂಡಿಲಸ್ ರಾವೆಸಿ ಎಂದು ಹೆಸರಿಟ್ಟ. ಲೈಡೆಕರ್ ಸಣ್ಣ ಆಳಲ್ಲ. ಭಾರತದ ಜಿಯಾಲಾಜಿಕಲ್ ಸರ್ವೆಯಲ್ಲಿ ಕೆಲಸ ಮಾಡಿದವನು, ನಮ್ಮ ದೇಶದ ಮೊದಲ ಡೈನೋಸಾರಿಗೆ ಹೆಸರಿಟ್ಟವನೂ ಅವನೇ. ಆದರೂ ಇಲ್ಲಿ ಎಡವಿದ. ಮ್ಯಾಸೊಸ್ಪಾಂಡಿಲಸ್ ಎನ್ನುವುದು ದಕ್ಷಿಣ ಆಫ್ರಿಕದ ಮೂಳೆಗಳಿಗೆ ರಿಚರ್ಡ್ ಓವನ್ 1854ರಲ್ಲಿ ಇಟ್ಟಿದ್ದ ಹೆಸರು. ಆ ಪ್ರಾಣಿ ಬದುಕಿದ್ದು ಟಾಕಳಿಯ ಕೆರೆಗಿಂತ ಹತ್ತು ಕೋಟಿ ವರ್ಷಕ್ಕೂ ಮೊದಲು, ಅದೂ ಸೊಪ್ಪುಸದೆ ತಿನ್ನುವ ಬಳಗದ್ದು. ಟಾಕಳಿಯ ಹಲ್ಲು ಮಾಂಸ ತಿನ್ನುವ ಡೈನೋಸಾರಿನದು ಇರಬಹುದು, ಡೈನೋಸಾರೇ ಅಲ್ಲದ ಯಾವುದೋ ಹತ್ತಿರದ ನೆಂಟನದೂ ಇರಬಹುದು ಎನ್ನುವುದು ಈಗಿನವರ ಅಭಿಪ್ರಾಯ. ಹಲ್ಲು ಮಾತ್ರ ಲಂಡನ್ನಿನ ನ್ಯಾಚುರಲ್ ಹಿಸ್ಟರಿ ಮ್ಯೂಸಿಯಮ್ಮಿನಲ್ಲಿ ಆರ್ 4190 ಎಂಬ ನಂಬರಿನಡಿ ಇದೆ.

ಒಂದು ಹಲ್ಲನ್ನು ನಂಬಿ ಹೆಸರಿಡುವ ಚಟ ಅಲ್ಲಿಗೆ ನಿಲ್ಲಲಿಲ್ಲ. ಜಬಲ್ಪುರದ ಬಡಾ ಸಿಮ್ಲಾ ಗುಡ್ಡದಲ್ಲಿ ಸಿಕ್ಕಿದ ಒಂದು ಹಲ್ಲಿಗೆ ಕಲ್ಕತ್ತೆಯ ದಾಸ್‌ಗುಪ್ತ 1931ರಲ್ಲಿ ಆರ್ಥೊಗೋನಿಯೊಸಾರಸ್ ಎಂಬ ಹೊಸ ಕುಲವನ್ನೇ ಕಟ್ಟಿದರು. ಈಗ ಅದನ್ನು ಗಟ್ಟಿಯಾದ ಹೆಸರೆಂದು ಯಾರೂ ಒಪ್ಪುವುದಿಲ್ಲ. ಹಾಗೆಂದು ಒಂಟಿ ಹಲ್ಲಿಗೆ ಬೆಲೆಯಿಲ್ಲವೆಂದಲ್ಲ. ತಮಿಳುನಾಡಿನ ಕಲ್ಲಮೇಡುವಿನಲ್ಲಿ ಸಿಕ್ಕ ಒಂದೇ ಒಂದು ಪುಟ್ಟ ಹಲ್ಲಿನಿಂದ, ಉತ್ತರದ ಖಂಡಗಳಲ್ಲಿ ಮಾತ್ರ ಇದ್ದವೆಂದುಕೊಂಡಿದ್ದ ಟ್ರೂಡಾಂಟಿಡ್ ಎಂಬ ಹಕ್ಕಿಯ ಹತ್ತಿರದ ಡೈನೋಸಾರುಗಳು ಭಾರತದಲ್ಲೂ ಇದ್ದವೆಂದು 2013ರಲ್ಲಿ ಪ್ರಕಟವಾಯಿತು. ಎರಡಕ್ಕೂ ಇರುವ ವ್ಯತ್ಯಾಸವನ್ನು ಓದಿದಷ್ಟಕ್ಕೆ ನಾನು ಅರ್ಥ ಮಾಡಿಕೊಂಡದ್ದು ಹೀಗೆ: ಹಳಬರು ಹಲ್ಲಿನ ಆಕಾರ ನೋಡಿ ತಮಗೆ ಗೊತ್ತಿದ್ದ ಹೆಸರಿಗೆ ಹೊಂದಿಸಿದರು. ಈಗಿನವರು ಅದು ಯಾವ ಪದರದಲ್ಲಿ, ಯಾವುದರ ಜೊತೆ ಇತ್ತು ಎನ್ನುವುದರಿಂದ ಶುರು ಮಾಡಿ, ಅಂಚಿನ ಗರಗಸದ ಒಂದೊಂದು ಮೊನೆಯನ್ನೂ ಅಳೆದು ನೂರಾರು ಹಲ್ಲುಗಳ ಜೊತೆ ಹೋಲಿಸುತ್ತಾರೆ.

ಮತ್ತೆ ಮತ್ತೆ ಹಲ್ಲೇ ಯಾಕೆ ಸಿಗುತ್ತದೆ? ಒಂದು, ಹಲ್ಲಿನ ಮೇಲಿನ ಎನಾಮೆಲ್ ದೇಹದಲ್ಲೇ ಅತಿ ಗಟ್ಟಿ ವಸ್ತು. ತೂಕದಲ್ಲಿ ನೂರಕ್ಕೆ 95ಕ್ಕೂ ಹೆಚ್ಚು ಖನಿಜವೇ. ಅಂದರೆ ಬದುಕಿದ್ದಾಗಲೇ ಅದು ಅರ್ಧ ಕಲ್ಲು. ಎರಡು, ನಮಗೆ ಹಾಲುಹಲ್ಲು ಬಿದ್ದು ಮತ್ತೊಂದು ಸಲ ಹುಟ್ಟಿದರೆ ಮುಗಿಯಿತು. ಡೈನೋಸಾರುಗಳಿಗೆ ಸಾಯುವವರೆಗೂ ಹಲ್ಲು ಬೀಳುತ್ತ, ಹುಟ್ಟುತ್ತ ಇದ್ದವು. ಒಂದು ಪ್ರಾಣಿ ತನ್ನ ಜೀವಮಾನದಲ್ಲಿ ನೂರಾರು ಹಲ್ಲು ಉದುರಿಸಿ ಹೋಗುತ್ತಿತ್ತು, ಆದರೆ ತಲೆಬುರುಡೆ ಒಂದೇ ಬಿಟ್ಟುಹೋಗುತ್ತಿತ್ತು. ಹಾಗೆ ತಾನಾಗಿ ಬಿದ್ದ ಹಲ್ಲಿಗೆ ಬೇರು ಇರುವುದಿಲ್ಲ, ಅದು ದವಡೆಯೊಳಗೇ ಕರಗಿರುತ್ತದೆ. ಹುಡುಗನ ಮೊರಾಕ್ಕೊ ಹಲ್ಲಿಗೆ ಉದ್ದ ಬೇರು ಇದ್ದದ್ದನ್ನು ನೋಡಿಯೇ ನಾವು ಅನುಮಾನಪಡಬೇಕಿತ್ತು.

ನಮ್ಮ ಕಡೆ ಬಿದ್ದ ಹಾಲುಹಲ್ಲನ್ನು ಸಗಣಿಯಲ್ಲಿ ಸುತ್ತಿ ಮಾಳಿಗೆಯ ಮೇಲೆ ಎಸೆಯುತ್ತಿದ್ದೆವು. ಹಲ್ಲು ಮತ್ತು ಸಗಣಿಯ ಈ ನಂಟು ಚಂದ್ರಪುರ ಜಿಲ್ಲೆಯ ವರೋರಾ ಹತ್ತಿರದ ಪಿಸ್ದುರಾ ಎಂಬ ಹಳ್ಳಿಯ ಬಗ್ಗೆ ಓದುವಾಗ ನೆನಪಾಗಿ ನಕ್ಕೆ. ಅಲ್ಲಿನ ಹೊಲಗಳಲ್ಲಿ ಟೈಟನೋಸಾರ್ ಜಾತಿಯ ಉದ್ದ ಕತ್ತಿನ ಡೈನೋಸಾರುಗಳ ಮೂಳೆಗಳ ಜೊತೆ, ಉಂಡೆ ಉಂಡೆಯಾಗಿ ಕಲ್ಲಾದ ಸಗಣಿಯೂ ಸಿಗುತ್ತದೆ. 2005ರಲ್ಲಿ ವಂದನಾ ಪ್ರಸಾದ್, ಅಶೋಕ್ ಸಾಹ್ನಿ ಮತ್ತು ಅವರ ಜೊತೆಗಾರರು ಆ ಉಂಡೆಗಳನ್ನು ಅರೆದು ನೋಡಿದಾಗ ಹುಲ್ಲಿನ ಎಲೆಯೊಳಗೆ ಇರುವಂಥ ಸೂಕ್ಷ್ಮ ಸಿಲಿಕಾ ಕಣಗಳು ಸಿಕ್ಕವು. ಡೈನೋಸಾರುಗಳು ಹೋದ ಮೇಲೆಯೇ ಹುಲ್ಲು ನಿಜವಾಗಿ ಹರಡಿತು ಎಂದು ಅಲ್ಲಿಯವರೆಗೆ ಪಾಠ ಮಾಡುತ್ತಿದ್ದರು. ಆ ಪಾಠ ತಿದ್ದಬೇಕಾಯಿತು. ಟೈಟನೋಸಾರಿನ ಹಲ್ಲು ಪೆನ್ಸಿಲ್ಲಿನಂತೆ ಸಪೂರ, ಕಿತ್ತು ನುಂಗುವುದಕ್ಕೆ ಸಾಕು, ಅರೆಯುವುದಕ್ಕಲ್ಲ. ಹಲ್ಲು ನೋಡಿ ಇದು ಏನು ತಿನ್ನುತ್ತಿತ್ತು ಎಂದು ಊಹಿಸಬಹುದಿತ್ತು. ಏನು ತಿಂದಿತು ಎಂದು ಹೇಳಿದ್ದು ಸಗಣಿ.

ಆ ಮೊದಲ ಡೈನೋಸಾರಿನ ಮಾತಿಗೆ ಬರುತ್ತೇನೆ. ಠಗ್ಗರನ್ನು ಹಿಡಿದು ಹೆಸರಾದ ಕ್ಯಾಪ್ಟನ್ ವಿಲಿಯಂ ಸ್ಲೀಮನ್ 1828ರಲ್ಲಿ ಜಬಲ್ಪುರದ ದಂಡಿನ ಹತ್ತಿರದ ಗುಡ್ಡದಲ್ಲಿ ಕಲ್ಲಾದ ಕೆಲವು ಬೆನ್ನುಮೂಳೆಗಳನ್ನು ಎತ್ತಿದ. ಡೈನೋಸಾರ್ ಎಂಬ ಶಬ್ದವೇ ಆಗ ಇರಲಿಲ್ಲ, ಓವನ್ ಅದನ್ನು ಟಂಕಿಸಿದ್ದು 1842ರಲ್ಲಿ. ಮೂಳೆಗಳು ಸ್ಪಿಲ್ಸ್‌ಬರಿ ಎಂಬ ಡಾಕ್ಟರನ ಕೈಗೆ, ಅಲ್ಲಿಂದ ಕಲ್ಕತ್ತೆಯ ಜೇಮ್ಸ್ ಪ್ರಿನ್ಸೆಪ್‌ನಿಗೆ ಹೋದವು. ಅಶೋಕನ ಬ್ರಾಹ್ಮಿ ಲಿಪಿ ಓದಿದ ಅದೇ ಪ್ರಿನ್ಸೆಪ್. ಕೊನೆಗೆ 1877ರಲ್ಲಿ ಲೈಡೆಕರ್ ಅವಕ್ಕೆ ಟೈಟನೋಸಾರಸ್ ಇಂಡಿಕಸ್ ಎಂದು ಹೆಸರಿಟ್ಟ. ಜಗತ್ತಿನ ಎಷ್ಟೋ ಡೈನೋಸಾರುಗಳನ್ನು ಈ ಹೆಸರಿಗೆ ಹೋಲಿಸಿ ಗುಂಪು ಮಾಡಿದರು. ಅಷ್ಟರಲ್ಲಿ ಆ ಮೂಲ ಮೂಳೆಯೇ ಕಾಣೆಯಾಗಿತ್ತು. ಚಿತ್ರ ಇತ್ತು, ಅಚ್ಚು ಇತ್ತು, ವಸ್ತು ಇರಲಿಲ್ಲ. 2012ರಲ್ಲಿ ಧನಂಜಯ ಮೋಹಬೆ ಮತ್ತು ಸುಭಾಸಿಸ್ ಸೇನ್ ಕೋಲ್ಕತ್ತದ ಸಂಗ್ರಹದಲ್ಲೇ ಅದನ್ನು ಪತ್ತೆ ಮಾಡಿದರು. ಕಾಡಿನಲ್ಲಿ ಹುಡುಕುವುದಕ್ಕಿಂತ ಕಪಾಟಿನಲ್ಲಿ ಹುಡುಕುವುದು ಕಷ್ಟ ಎಂದು ಸರ್ಕಾರಿ ಕಚೇರಿಯ ದಾಖಲೆ ಕೋಣೆ ನೋಡಿದವರಿಗೆ ಗೊತ್ತು.

ಇಷ್ಟು ಕೇಳಿದ ಮೇಲೆ ಹುಡುಗನ ಪ್ರಶ್ನೆ ಸಹಜವಾಗಿ ಬಂತು. "ಹಂಗಾರ ನಾಸಿಕದಾಗ ಏನೂ ಇಲ್ಲೇನು?"

ಇದೆ. ಡೈನೋಸಾರಲ್ಲ, ಆನೆ. ಗೋದಾವರಿ ತ್ರ್ಯಂಬಕದ ಬ್ರಹ್ಮಗಿರಿಯಿಂದ ಇಳಿದು ನಾಸಿಕ ದಾಟಿ ನಿಫಾಡ ತಾಲ್ಲೂಕಿಗೆ ಬಂದಾಗ ದಡಗಳು ಎತ್ತರವಾಗುತ್ತವೆ. ಅವು ಬಸಾಲ್ಟ್ ದಡಗಳಲ್ಲ, ನದಿಯೇ ತಂದು ಹಾಕಿದ ಮೆಕ್ಕಲು. ಅಡಿಯಲ್ಲಿ ಸುಣ್ಣ ಹಿಡಿದು ಗಟ್ಟಿಯಾದ ಗರಸು, ಮೇಲೆ ಹಳದಿ ಮಿಶ್ರಿತ ಕಂದು ಹೂಳು. ಗಟ್ಟಿ ಗರಸಿನಲ್ಲಿ ಹಿಮಯುಗದ ಕಾಲದ ಆನೆ, ಕಾಡುದನಗಳ ಮೂಳೆಗಳಿವೆ. ಗೋದಾವರಿ ಮತ್ತು ಕಾದವಾ ನದಿಗಳು ಕೂಡುವ ನಾಂದೂರ ಮಧಮೇಶ್ವರದಲ್ಲಿ ಸಿಕ್ಕ ದೊಡ್ಡ ಆನೆಯ ಅವಶೇಷಗಳ ಬಗ್ಗೆ ಜಿಯಾಲಾಜಿಕಲ್ ಸರ್ವೆಯ ಗೈ ಪಿಲ್‌ಗ್ರಿಮ್ 1905ರಲ್ಲಿ ಬರೆದ. ಈಗ ಪೇಲಿಯೊಲೊಕ್ಸೊಡಾನ್ ನಮಾಡಿಕಸ್ ಎಂದು ಕರೆಯುವ ಜಾತಿ. ನರ್ಮದೆಯ ದಡದಲ್ಲಿ ಮೊದಲು ಸಿಕ್ಕಿದ್ದರಿಂದ ಫಾಲ್ಕನರ್ ಮತ್ತು ಕಾಟ್ಲಿ 1846ರಲ್ಲಿ ಕೊಟ್ಟ ಹೆಸರು. ನೆಟ್ಟಗೆ ಚಾಚಿದ ದಂತ, ಹಣೆಯ ಮೇಲೆ ಪೇಟ ಸುತ್ತಿದಂತೆ ದಪ್ಪನೆಯ ಮೂಳೆಯ ಏಣು. 1905ರ ಆ ಆನೆಯ ತೊಡೆಮೂಳೆ ಪೂರ್ತಿ ಇದ್ದಿದ್ದರೆ ಸುಮಾರು 165 ಸೆಂಟಿಮೀಟರ್ ಇರುತ್ತಿತ್ತು, ಹಾಗಾಗಿ ಭುಜದ ಎತ್ತರ ಸುಮಾರು 4.5 ಮೀಟರ್ ಎಂದು ಈಚಿನ ಲೆಕ್ಕ. ದಸರಾ ಮೆರವಣಿಗೆಯಲ್ಲಿ ನಾವು ನೋಡುವ ದೊಡ್ಡ ಆನೆಗಳು ಮೂರು ಮೀಟರ್ ಆಸುಪಾಸು. ಅಂಬಾರಿಯ ಸಮೇತ ನಿಲ್ಲಿಸಿದರೂ ನಾಂದೂರಿನ ಆನೆಯ ಪಕ್ಕದಲ್ಲಿ ಅವು ಮಾಮೂಲಾಗಿ ಕಾಣುತ್ತವೆ.

ಇದೇ ಜಾತಿಯ ಬಗ್ಗೆ ಅಂತರ್ಜಾಲದಲ್ಲಿ 22 ಟನ್, ಭೂಮಿಯ ಮೇಲೆ ನಡೆದ ಅತಿ ದೊಡ್ಡ ಸಸ್ತನಿ ಎಂದೆಲ್ಲ ಓದಿರಬಹುದು. ಆ ಅಂಕಿ ಬಂದದ್ದು ಪ್ರಿನ್ಸೆಪ್ 1834ರಲ್ಲಿ ವಿವರಿಸಿದ, ನರ್ಮದೆಯ ಕಡೆಯ ಒಂದು ತುಂಡು ತೊಡೆಮೂಳೆಯ ಅಳತೆಯಿಂದ. 2016ರಲ್ಲಿ ಆ ಲೆಕ್ಕ ಹಾಕಿದ ಲರಮೆಂಡಿಯೇ ಇದನ್ನು ಎಚ್ಚರಿಕೆಯಿಂದ ತೆಗೆದುಕೊಳ್ಳಿ ಎಂದಿದ್ದಾನೆ. ಎಚ್ಚರಿಕೆಯ ಮಾತು ಅಲ್ಲೇ ಉಳಿಯಿತು, 22 ಟನ್ ಮಾತ್ರ ಊರೂರು ತಿರುಗಿತು. ನಮ್ಮಲ್ಲಿ ಆನೆ ಇದ್ದರೂ ಸಾವಿರ, ಸತ್ತರೂ ಸಾವಿರ ಎಂದು ಗಾದೆ. ಮೂಳೆ ತುಂಡಾದರೆ ಇನ್ನೂ ಹೆಚ್ಚು ಎಂದು ಸೇರಿಸಬಹುದು.

ಹಲ್ಲಿನ ಮಾತಿಗೆ ಬಂದರೆ ಈ ಕಣಿವೆಯ ಹಲ್ಲು ಎಂದರೆ ಆನೆಯ ದವಡೆಹಲ್ಲು. ನೋಡಿದವರಿಗೆ ಅದು ಹಲ್ಲೆಂದೇ ಅನ್ನಿಸುವುದಿಲ್ಲ. ಇಟ್ಟಿಗೆಗಿಂತ ದೊಡ್ಡದು, ಹೋಳು ಹೋಳಾಗಿ ಕತ್ತರಿಸಿದ ಬ್ರೆಡ್ಡನ್ನು ಅಂಟಿಸಿ ನಿಲ್ಲಿಸಿದಂತೆ ಕಾಣುತ್ತದೆ. ಒಂದೊಂದು ಹೋಳೂ ಎನಾಮೆಲಿನ ಒಂದು ಪಟ್ಟಿ. ಆನೆಗೆ ಇಂಥ ಹಲ್ಲು ಜೀವಮಾನದಲ್ಲಿ ದವಡೆಯ ಒಂದೊಂದು ಬದಿಗೂ ಆರು ಸಲ ಹಿಂದಿನಿಂದ ಮುಂದಕ್ಕೆ ಸರಿದು ಬರುತ್ತವೆ. ಆರನೆಯದು ಸವೆದರೆ ಮುಗಿಯಿತು, ಆಮೇಲೆ ಮೇವು ಅರೆಯಲಾಗದು. ಹೋಳುಗಳನ್ನು ಎಣಿಸಿ, ಎನಾಮೆಲಿನ ದಪ್ಪ ಅಳೆದು ಜಾತಿ ಹೇಳುತ್ತಾರೆ. ಡೈನೋಸಾರಿನ ಹಲ್ಲಿನಷ್ಟು ಹೆಸರು ಇದಕ್ಕಿಲ್ಲ, ಆದರೆ ಓದುವುದಕ್ಕೆ ಇದರಲ್ಲಿ ಹೆಚ್ಚಿದೆ ಎಂದು ನನ್ನ ಎಣಿಕೆ.

ನಾಂದೂರಿಗೂ ಮೊದಲು, ಇದೇ ನದಿಯ ಕೆಳಗೆ ಸಂಭಾಜಿನಗರ ಜಿಲ್ಲೆಯ ಪೈಠಣದ ಹತ್ತಿರ, ಇನ್ನೊಂದು ದೊಡ್ಡ ವಿಷಯ ಸಿಕ್ಕಿತ್ತು. 1865ರಲ್ಲಿ ಸರ್ವೆಯ ಎ.ಬಿ. ವಿನ್ ಮುಂಗಿ ಎಂಬ ಹಳ್ಳಿಯ ಬಳಿ ಮೂಳೆಗಳಿರುವ ಗರಸಿನಲ್ಲಿ ಅಗೇಟ್ ಕಲ್ಲಿನ ಒಂದು ಚಕ್ಕೆ ಕಂಡ. ಮನುಷ್ಯನ ಕೈಯಿಂದ ಒಡೆದ ಚಕ್ಕೆ. ಅಳಿದುಹೋದ ಆನೆಗಳ ಕಾಲದಲ್ಲಿ ಮನುಷ್ಯ ಇದ್ದನೇ ಎನ್ನುವುದು ಆಗ ಯುರೋಪಿನಲ್ಲಿ ಚರ್ಚು, ಸಭೆಗಳಲ್ಲಿ ಜಗಳವೆಬ್ಬಿಸಿದ್ದ ಪ್ರಶ್ನೆ. ಸರ್ವೆಯ ಮುಖ್ಯಸ್ಥ ಥಾಮಸ್ ಓಲ್ಡ್‌ಹ್ಯಾಮ್ ಸ್ವತಃ ಆ ಒಂದು ಚಕ್ಕೆಯ ಬಗ್ಗೆ 1868ರಲ್ಲಿ ಪ್ರತ್ಯೇಕ ಲೇಖನ ಬರೆದ. ಆ ಚಕ್ಕೆ ಸಂತೆಯಲ್ಲಿ ಸಿಕ್ಕಿದ್ದರೆ ಕಾಸಿನ ಬೆಲೆಯೂ ಇರುತ್ತಿರಲಿಲ್ಲ. ಗರಸಿನಲ್ಲಿ, ಮೂಳೆಗಳಿದ್ದ ಪದರದಲ್ಲಿ ಸಿಕ್ಕಿದ್ದಕ್ಕೆ ಅದಕ್ಕೆ ಲೇಖನದ ಬೆಲೆ ಬಂತು.

ಕನ್ನಡ ನಾಡಿನ ನೆಂಟಸ್ತಿಕೆಯೂ ಇಲ್ಲಿದೆ. 1863ರಲ್ಲಿ ಮದ್ರಾಸಿನ ಪಲ್ಲಾವರಂನಲ್ಲಿ ಶಿಲಾಯುಗದ ಕಲ್ಲು ಗುರುತಿಸಿದ ರಾಬರ್ಟ್ ಬ್ರೂಸ್ ಫೂಟ್ ಬೆಳಗಾವಿ, ವಿಜಯಪುರ, ಧಾರವಾಡ ಸೀಮೆಗಳನ್ನೆಲ್ಲ ಕಾಲ್ನಡಿಗೆ, ಕುದುರೆಯಲ್ಲಿ ಅಳೆದವನು. ಗೋಕಾಕದ ಹತ್ತಿರ, ಘಟಪ್ರಭೆಯ ಕಣಿವೆಯ ಮೆಕ್ಕಲಿನಲ್ಲಿ ಅವನಿಗೆ ಸಿಕ್ಕಿದ್ದು ಘೇಂಡಾಮೃಗ. ದವಡೆ, ಹಲ್ಲು ನೋಡಿ ಅದು ಹೊಸ ಜಾತಿಯೆಂದು 1874ರಲ್ಲಿ ರೈನೊಸೆರಾಸ್ ಡೆಕ್ಕನೆನ್ಸಿಸ್ ಎಂದು ಹೆಸರಿಟ್ಟ. ಗೋಕಾಕ ಎಂದರೆ ಜಲಪಾತ, ಕರದಂಟು, ರಾಜಕೀಯ ಎಂದಷ್ಟೇ ತಿಳಿದ ನಮಗೆ ಅಲ್ಲಿ ಘೇಂಡಾಮೃಗ ಮೇಯುತ್ತಿತ್ತು ಎನ್ನುವುದು ಸಣ್ಣ ಸುದ್ದಿಯಲ್ಲ. ಬೀದರಿಗೆ ಹರಿದು ಬರುವ ಮಾಂಜ್ರಾ ನದಿಯ ಮೇಲ್ಭಾಗದಲ್ಲೂ ಇಂಥ ಪ್ರಾಣಿಗಳ ಮೂಳೆಗಳು ಸಿಕ್ಕಿವೆ.

ಫೂಟ್, ವಿನ್, ಪಿಲ್‌ಗ್ರಿಮ್, ಹಿಸ್ಲಾಪ್. ಹೆಸರುಗಳನ್ನು ಬರೆಯುತ್ತ ಬಂದಾಗ ಒಂದು ಕೊರತೆ ಎದ್ದು ಕಂಡಿತು. ದಡ ಹತ್ತಿ, ಗುದ್ದಲಿ ಹಿಡಿದು, ಮೂಳೆಯನ್ನು ಮುರಿಯದಂತೆ ಬಿಡಿಸಿ ಹೊತ್ತವರು ಅವರಲ್ಲ. ಸಾಮಾನ್ಯವಾಗಿ ಮೊದಲು ಕಂಡವರೂ ಅವರಲ್ಲ. ದನ ಕಾಯುವವರು, ಮರಳು ತೆಗೆಯುವವರು, ಬಾವಿ ತೋಡುವವರು "ಸಾಹೇಬರೇ, ಇಲ್ಲೊಂದು ರಾಕ್ಷಸನ ಎಲುಬು ಇದೆ" ಎಂದು ತೋರಿಸಿದ್ದಿರಬೇಕು. ಜಾತಿಯ ಹೆಸರುಗಳಲ್ಲಿ ರಾವೆಸಿ ಇದೆ, ಹಿಸ್ಲಾಪಿ ಇದೆ, ಮ್ಯಾಟ್ಲೆಯಿ ಇದೆ. ಟಾಕಳಿಯ, ಮುಂಗಿಯ, ನಾಂದೂರಿನ ಒಬ್ಬರ ಹೆಸರೂ ಇಲ್ಲ. ಮೂಳೆಗಳೂ ಇಲ್ಲಿಲ್ಲ. ಸರ್ವೆ ಆರಿಸಿದ್ದು ಕೋಲ್ಕತ್ತಕ್ಕೆ, ಕೆಲವು ಲಂಡನ್ನಿಗೆ ಹೋದವು. ನಾಸಿಕದ ಶಾಲೆಯ ಮಗುವಿಗೆ ತನ್ನ ಊರಿನ ಆನೆಯನ್ನು ನೋಡಬೇಕಾದರೆ ಹೌರಾ ರೈಲು ಹತ್ತಬೇಕು.

ಸ್ವಾತಂತ್ರ್ಯ ಬರುವ ಹೊತ್ತಿಗೆ ಸ್ವಲ್ಪ ಬದಲಾವಣೆಯಾಯಿತು. ಪುಣೆಯ ಡೆಕ್ಕನ್ ಕಾಲೇಜಿನ ಎಚ್.ಡಿ. ಸಾಂಕಳಿಯಾ ನಾಸಿಕದ ಮೇಲಿನ ಗಂಗಾವಾಡಿಯಿಂದ ಹಿಡಿದು ಗೋದಾವರಿಯ ದಡಗಳನ್ನು ಪದರ ಪದರವಾಗಿ ಓದಿದರು. ಅವರ ಗೋದಾವರಿ ಶಿಲಾಯುಗದ ಪುಸ್ತಕ ಬಂದದ್ದು 1952ರಲ್ಲಿ. ಜ್ಞಾನೇಶ್ವರಿಯ ಊರಾದ ನೇವಾಸೆಯ ಹತ್ತಿರ ಪ್ರವರಾ ದಡದ ಚಿರ್ಕಿಯಲ್ಲಿ ಜರ್ಮನಿಯ ಗುದ್ರುನ್ ಕೊರ್ವಿನಸ್ 1960ರ ದಶಕದಲ್ಲಿ ವರ್ಷಗಟ್ಟಲೆ ಕೂತು ಅಗೆದರು. ಡೆಕ್ಕನ್ ಕಾಲೇಜಿನ ಜಿ.ಎಲ್. ಬಾದಾಮ್ ಮೂಳೆಗಳನ್ನು, ಎಸ್.ಎನ್. ರಾಜಗುರು ಮಣ್ಣನ್ನು ಓದಿದರು. ಇವರ ಸಂಗ್ರಹದ ರೀತಿಯೇ ಬೇರೆ. ಒಂದು ಹಲ್ಲು ಎತ್ತುವ ಮೊದಲು ಅದರ ಸುತ್ತಲಿನದನ್ನೆಲ್ಲ ಬರೆದುಕೊಳ್ಳಬೇಕು. ಬರೆಯದೆ ಎತ್ತಿದ ಹಲ್ಲು ಕಿತ್ತ ಪುಟದ ಹಾಗೆ.

ಈಗ ಆ ಪುಟಗಳನ್ನು ಕೀಳುವ ಕೈಗಳು ಹೆಚ್ಚು. ಮರಳು ಲಾರಿಗಳಿವೆ, ದಡ ಕೊರೆದು ಇಟ್ಟಿಗೆ ಸುಡುವವರಿದ್ದಾರೆ, ಆನ್‌ಲೈನ್ ಅಂಗಡಿಗಳಿವೆ. ಪಳೆಯುಳಿಕೆಗಳಿಗೆಂದೇ ನಮ್ಮಲ್ಲಿ ಗಟ್ಟಿಯಾದ ಕೇಂದ್ರ ಕಾನೂನು ಇಲ್ಲದ್ದು ಹಳೆಯ ದೂರು. ಪ್ರಾಚ್ಯವಸ್ತುಗಳ 1972ರ ಕಾಯಿದೆ ಬರೆದವರ ಕಣ್ಣಿನಲ್ಲಿ ಇದ್ದದ್ದು ವಿಗ್ರಹ, ಹಸ್ತಪ್ರತಿ. ಭೂಪರಂಪರೆಯ ತಾಣಗಳು ಮತ್ತು ಪಳೆಯುಳಿಕೆಗಳಿಗಾಗಿ ಗಣಿ ಸಚಿವಾಲಯ 2022ರಲ್ಲಿ ಒಂದು ಮಸೂದೆಯ ಕರಡು ಹೊರಡಿಸಿ ಜನರ ಅಭಿಪ್ರಾಯ ಕೇಳಿತು. ಎಲ್ಲ ಅಧಿಕಾರವನ್ನೂ ಒಂದೇ ಸಂಸ್ಥೆಯ ಕೈಗೆ ಕೊಡುತ್ತದೆ ಎಂದು ಅದರ ಮೇಲೆ ವಿಜ್ಞಾನಿಗಳಿಂದಲೇ ಆಕ್ಷೇಪ ಬಂತು. ಅವರ ಆಕ್ಷೇಪ ಸರಿಯೇ. ಆದರೆ ಕರಡಿನ ಮೇಲೆ ಜಗಳ ನಡೆಯುತ್ತಿರುವಾಗಲೂ ಲಾರಿ ನಿಲ್ಲುವುದಿಲ್ಲ ಎನ್ನುವುದೂ ನಿಜ. ಹೊಳೆದಂಡೆಯಲ್ಲಿ ಯಾರಿಗಾದರೂ ಅಂಥದ್ದೇನಾದರೂ ಕಂಡರೆ ಕೀಳಬಾರದು. ಪಕ್ಕದಲ್ಲಿ ಒಂದು ಪೆನ್ನೋ ನಾಣ್ಯವೋ ಇಟ್ಟು ಫೋಟೋ ತೆಗೆದು, ಜಾಗದ ಗುರುತು ಬರೆದುಕೊಂಡು ಡೆಕ್ಕನ್ ಕಾಲೇಜಿಗೋ ಹತ್ತಿರದ ವಿಶ್ವವಿದ್ಯಾಲಯದ ಭೂವಿಜ್ಞಾನ ವಿಭಾಗಕ್ಕೋ ಕಳಿಸಬೇಕು. ಫೋನಿನಲ್ಲೇ ಆಗುವ ಕೆಲಸ, ವಿನ್‌ಗೂ ಫೂಟ್‌ಗೂ ಇಲ್ಲದ ಅನುಕೂಲ.

ಹುಡುಗನ ರಜೆ ಮುಗಿಯುವ ಮುನ್ನ ಎರಡು ಕಡೆ ಹೋದೆವು. ನಾಂದೂರ ಮಧಮೇಶ್ವರ ಈಗ ಪಕ್ಷಿಧಾಮ, ರಾಮ್ಸರ್ ಪಟ್ಟಿ ಸೇರಿದ ಮಹಾರಾಷ್ಟ್ರದ ಮೊದಲ ತಾಣ. ಒಡ್ಡಿನ ಹಿನ್ನೀರಿನಲ್ಲಿ ಕೊಕ್ಕರೆಗಳಿದ್ದವು, ದುರ್ಬೀನು ಹಿಡಿದ ಜನರಿದ್ದರು. ಇಲ್ಲಿ 4.5 ಮೀಟರಿನ ಆನೆ ಸಿಕ್ಕಿತ್ತು ಎಂದು ಹೇಳುವ ಒಂದು ಫಲಕ ನಮ್ಮ ಕಣ್ಣಿಗೆ ಬೀಳಲಿಲ್ಲ. "ಹಕ್ಕೀನೂ ಡೈನೋಸಾರ್ ವಂಶದವಾ ಅಲ್ಲೇನು ಮಾಮಾ" ಎಂದು ಹುಡುಗ ತಾನೇ ಸಮಾಧಾನ ಮಾಡಿಕೊಂಡ. ಅವಕ್ಕೆ ಹಲ್ಲಿಲ್ಲ ಎಂದು ನಾನು ಹೇಳಲಿಲ್ಲ.

ಇನ್ನೊಂದು ವೇರೂಳ. ಕೈಲಾಸ ನೋಡಿ ಹೊರಗೆ ಬಂದರೆ ಹರಳು ಮಾರುವವರು ಸುತ್ತುವರಿದರು. ಒಬ್ಬರ ಬುಟ್ಟಿಯಲ್ಲಿ ಮೊನಚಾದ, ಜೇನಿನ ಬಣ್ಣದ ಹರಳಿನ ಗೊಂಚಲು ಇತ್ತು. ನೋಡುವುದಕ್ಕೆ ಥೇಟ್ ಕೋರೆಹಲ್ಲಿನ ಸಾಲು. ಕ್ಯಾಲ್ಸೈಟ್ ಅದು. ಈ ಆಕಾರದ್ದನ್ನು ಹರಳು ಬಲ್ಲವರು ನಾಯಿಹಲ್ಲು ಎಂದೇ ಕರೆಯುತ್ತಾರೆ. ಹುಡುಗ ಚೌಕಾಶಿ ಮಾಡಿ 80 ರೂಪಾಯಿಗೆ ಕೊಂಡ. ಎಲ್ಲಿಯದು ಎಂದು ಕೇಳಿದ್ದಕ್ಕೆ ಮಾರುವವರು ಗುಡ್ಡದ ಕಡೆ ಕೈ ಬೀಸಿದರು. ರಾತ್ರಿ ಮನೆಗೆ ಬಂದು ಅವನು ನೋಟ್‌ಬುಕ್ಕಿನ ಹಾಳೆ ಹರಿದು ಚೀಟಿ ಬರೆದ: ನಾಯಿಹಲ್ಲು ಕ್ಯಾಲ್ಸೈಟ್, ವೇರೂಳದಾಗ ಕೊಂಡಿದ್ದು, ಕ್ವಾರಿ ಯಾವುದು ಮಾರಿದವರಿಗೂ ಗೊತ್ತಿಲ್ಲ. ತಾರೀಖು ಹಾಕಿ ಡಬ್ಬಿಯಲ್ಲಿಟ್ಟ. ಮುರಿದ ಮೊರಾಕ್ಕೊ ಹಲ್ಲಿಗೂ ಒಂದು ಚೀಟಿ ಬರೆದ, ಅದರಲ್ಲಿ ಅರ್ಧ ನಿಜ, ಅರ್ಧ ಅಂಟು ಎಂದಿತ್ತು.